ತುರಿಕೆ ನಿಂತಿತು, ಹುಳುಕಡ್ಡಿ ಹೋಯಿತೇ?



ಮಳೆಗಾಲ ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ದೂರು. ಕೆಲವರು ಹುಳುಕಡ್ಡಿ ಅಂತ ಬರೆಯುತ್ತಾರೆ, ಕೆಲವರು ಗಜಕರ್ಣ ಅಂತ. ಇನ್ನು ಕೆಲವರು ಹೆಸರನ್ನೇ ಬರೆಯುವುದಿಲ್ಲ. “ಹೇಳಿಕೊಳ್ಳಲಾಗದ ಜಾಗದಲ್ಲಿ ತುರಿಕೆ” ಅಂತಷ್ಟೇ ಬರೆದು, “ದಯವಿಟ್ಟು ನನ್ನ ಹೆಸರು, ಊರು ಹಾಕಬೇಡಿ” ಎಂಬ ಮಾತಿನ ಕೆಳಗೆ ಎರಡು ಗೆರೆ ಎಳೆದಿರುತ್ತಾರೆ. ಹಾಕುವುದಿಲ್ಲ, ನಿಶ್ಚಿಂತೆಯಿಂದಿರಿ.

ಈ ಪಕ್ಷ ಬಂದ ಒಂದು ಪತ್ರವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಬರೆದಾಕೆ ಮದುವೆಯಾಗಿ ಎರಡು ವರ್ಷವಾದ ಹೆಣ್ಣುಮಗಳು. ಏಳು ಜನರ ತುಂಬು ಸಂಸಾರ. ಒಳಲಂಗದ ಲಾಡಿ ಕಟ್ಟುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟಗಲ ಕೆಂಪಗೆ ಗುಂಡಗೆ ಎದ್ದಿತು. ಯಾರಿಗೂ ಹೇಳಲಿಲ್ಲ. ಯಜಮಾನರು ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬು ತಂದುಕೊಟ್ಟರು. “ಮೂರೇ ದಿನದಲ್ಲಿ ತುರಿಕೆ ಮಾಯವಾಯಿತು ಅಕ್ಕಾ, ಬಿಟ್ಟೆ. ಹದಿನೈದು ದಿನಕ್ಕೆ ಮತ್ತೆ ಬಂತು. ಮತ್ತೆ ಅದೇ ಟ್ಯೂಬು. ಈಗ ಎಂಟು ತಿಂಗಳಾಯಿತು, ಇದು ಒಂಬತ್ತನೇ ಟ್ಯೂಬು. ಸೊಂಟದಿಂದ ತೊಡೆಗೆ ಇಳಿದಿದೆ. ತೊಡೆಸಂದಿಯಲ್ಲಿ ಬಸುರಿಯರ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಮೂಡಿವೆ. ನಮ್ಮನೆಯವರಿಗೂ ಹತ್ತಿದೆ, ಮೈದುನನ ಮಗುವಿಗೂ ಹತ್ತಿದೆ. ಎಲ್ಲ ನನ್ನಿಂದಲೇ ಬಂತು ಅಂತ ಅತ್ತೆಯವರ ಮಾತು. ನನ್ನ ಬಟ್ಟೆ, ನನ್ನ ಚಾಪೆ ಬೇರೆ ಮಾಡಿದ್ದಾರೆ. ನನ್ನ ರಕ್ತವೇ ಕೆಟ್ಟಿದೆಯಾ?”

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲಮ್ಮ, ನಿನ್ನ ರಕ್ತ ಕೆಟ್ಟಿಲ್ಲ. ಕೆಟ್ಟದ್ದು ಆ ಟ್ಯೂಬಿನೊಳಗೆ ಇತ್ತು. ಆಕೆ ಒಂದು ಜಾಣತನ ಮಾಡಿದ್ದಾರೆ. ಟ್ಯೂಬು ಬರುವ ರಟ್ಟಿನ ಡಬ್ಬಿಯ ಒಂದು ಮಗ್ಗುಲನ್ನು ಕತ್ತರಿಸಿ ಪತ್ರದ ಜೊತೆ ಇಟ್ಟಿದ್ದಾರೆ. ಅದನ್ನು ಓದಿದ ಮೇಲೆ ಈ ಸಂಚಿಕೆಯಲ್ಲಿ ಬೇರೆ ವಿಷಯ ಬರೆಯಲು ಮನಸ್ಸಾಗಲಿಲ್ಲ.

ಹುಳುಕಡ್ಡಿ ಎಂಬ ಹೆಸರಿನಲ್ಲಿ ಹುಳು ಇದೆ, ಮೈಮೇಲೆ ಮಾತ್ರ ಯಾವ ಹುಳುವೂ ಇಲ್ಲ. ಅದು ಒಂದು ಬಗೆಯ ಬೂಷ್ಟು. ಶಾಲೆಯ ಪುಸ್ತಕದಲ್ಲಿ ಶಿಲೀಂಧ್ರ ಅಂತ ಓದಿದ್ದೀರಲ್ಲ, ಅದೇ. ಮಳೆಗಾಲದಲ್ಲಿ ಚಪ್ಪಲಿಯ ತೊಗಲಿನ ಮೇಲೆ, ಒದ್ದೆ ಸೌಟು ತಗುಲಿದ ಉಪ್ಪಿನಕಾಯಿ ಜಾಡಿಯಲ್ಲಿ ಬೆಳೆಯುತ್ತದಲ್ಲ, ಅದರ ದೂರದ ನೆಂಟ. ನಮ್ಮ ಚರ್ಮದ ತೀರಾ ಮೇಲ್ಪದರ, ಕೂದಲು, ಉಗುರು ಇವೇ ಅದರ ಆಹಾರ. ರಕ್ತಕ್ಕೆ ಅದು ಇಳಿಯುವುದೇ ಇಲ್ಲ. ಬೆವರು, ಒದ್ದೆ, ಗಾಳಿಯಾಡದ ಬಿಗಿ, ಇಷ್ಟು ಸಿಕ್ಕರೆ ಸಾಕು, ಸುಖವಾಗಿ ಸಂಸಾರ ಹೂಡುತ್ತದೆ. ಹೊಸ ಚರ್ಮವನ್ನು ಹುಡುಕಿಕೊಂಡು ಸುತ್ತಲೂ ಹರಡುತ್ತಾ ಹೋಗುತ್ತದೆ. ಆದ್ದರಿಂದಲೇ ನಡುವೆ ವಾಸಿಯಾದಂತೆ ಕಂಡು, ಅಂಚು ಮಾತ್ರ ಕೆಂಪಗೆ ಉಬ್ಬಿ, ಬಳೆಯ ಆಕಾರ ಬರುವುದು. ನಡುವೆ ವಾಸಿಯಾಗಿದೆ ಅಂತ ನಾವು ಸಮಾಧಾನ ಪಟ್ಟುಕೊಳ್ಳುತ್ತೇವೆ. ಅದು ಅಂಚಿನಾಚೆ, ಕಣ್ಣಿಗೆ ಕಾಣದ ಕಡೆ, ಆಗಲೇ ಕಾಲಿಟ್ಟಿರುತ್ತದೆ.

ಈಗ ಆ ರಟ್ಟಿನ ಚೂರಿಗೆ ಬರೋಣ. ಅದರ ಮೇಲೆ ಮೂರು ಮದ್ದುಗಳ ಹೆಸರಿದ್ದವು. ಒಂದು ಬೂಷ್ಟನ್ನು ಕೊಲ್ಲುವಂಥದು. ಅದು ಸರಿ. ಇನ್ನೊಂದು ಕೀವು ತರುವ ಬ್ಯಾಕ್ಟೀರಿಯಾಗಳಿಗೆ. ಅದು ಇಲ್ಲಿ ಅನಾವಶ್ಯಕ. ಮೂರನೆಯದು ಕ್ಲೋಬೆಟಾಸಾಲ್. ಇದು ಸ್ಟೀರಾಯ್ಡ್, ಅದರಲ್ಲೂ ಮೈಗೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲಿ ಅತ್ಯಂತ ಬಲವಾದ ಗುಂಪಿಗೆ ಸೇರಿದ್ದು.

ಸ್ಟೀರಾಯ್ಡ್ ಏನು ಮಾಡುತ್ತದೆ? ಮೈ ಕೆಂಪಾಗುವುದು, ತುರಿಸುವುದು, ಉಬ್ಬುವುದು ಇವೆಲ್ಲ ನಮ್ಮ ದೇಹ ಬೂಷ್ಟಿನ ಜೊತೆ ಕಾದಾಡುತ್ತಿರುವ ಗುರುತು. ರಾತ್ರಿ ಕಳ್ಳ ಬಂದಾಗ ನಾಯಿ ಬೊಗಳುತ್ತದೆ. ನಾಯಿಯ ಬಾಯಿಗೆ ಬಟ್ಟೆ ತುರುಕಿದರೆ ಮನೆಯವರಿಗೆ ಒಳ್ಳೆಯ ನಿದ್ದೆ ಬರುತ್ತದೆ, ನಿಜ. ಕಳ್ಳನಿಗೂ ಅಷ್ಟೇ ಅನುಕೂಲ. ಸ್ಟೀರಾಯ್ಡ್ ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. “ಎಂಥಾ ಒಳ್ಳೇ ಟ್ಯೂಬು ಕಣ್ರೀ” ಅಂತ ಪಕ್ಕದ ಮನೆಗೂ ಶಿಫಾರಸು ಹೋಗುತ್ತದೆ. ಒಳಗೆ ಬೂಷ್ಟು ಯಾರ ಅಡ್ಡಿಯೂ ಇಲ್ಲದೆ ಹಬ್ಬುತ್ತದೆ. ಬಳೆಯ ಆಕಾರವೂ ಅಳಿಸಿ ಹೋಗುವುದರಿಂದ, ಆಮೇಲೆ ನೋಡಿದ ವೈದ್ಯರಿಗೂ ಮೊದಲ ನೋಟಕ್ಕೆ ಇದು ಹುಳುಕಡ್ಡಿಯೋ ಇಸುಬೋ ಎಂದು ಹೇಳುವುದು ಕಷ್ಟವಾಗುತ್ತದೆ.

ಅಷ್ಟೇ ಆದರೆ ಪರವಾಗಿಲ್ಲ ಎನ್ನಬಹುದಿತ್ತು. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ಈರುಳ್ಳಿಯ ಸಿಪ್ಪೆಯಂತೆ ತೆಳುವಾಗುತ್ತದೆ. ತೊಡೆಸಂದಿ, ಕಂಕುಳು, ಎದೆಯ ಕೆಳಗೆ, ಹೀಗೆ ಚರ್ಮಕ್ಕೆ ಚರ್ಮ ತಾಗುವ ಕಡೆ ಮದ್ದು ಹೆಚ್ಚು ಒಳಗಿಳಿಯುವುದರಿಂದ ಬೇಗ ಗೆರೆಗಳು ಬೀಳುತ್ತವೆ. ನಮ್ಮ ಪತ್ರದ ಹೆಣ್ಣುಮಗಳಿಗೆ ಆದದ್ದು ಅದೇ. ಆ ಗೆರೆಗಳ ಬಣ್ಣ ಕಾಲಕ್ರಮೇಣ ತಿಳಿಯಾಗಬಹುದು, ಗೆರೆ ಪೂರ್ತಿ ಹೋಗುವುದಿಲ್ಲ. ಎಳೆಮಕ್ಕಳಿಗಂತೂ ಹಚ್ಚಿದ ಸ್ಟೀರಾಯ್ಡ್ ಮೈಯೊಳಗೇ ಸೇರಿ ಬೆಳವಣಿಗೆಗೆ ತೊಂದರೆ ಮಾಡಬಲ್ಲದು. ಇನ್ನು ಮುಖ ಬೆಳ್ಳಗಾಗಲಿ ಎಂದು ಇಂಥದೇ ಕ್ರೀಮುಗಳನ್ನು ಹಚ್ಚಿಕೊಂಡು ಮೊಡವೆ, ಉರಿ, ಮೀಸೆಯಂಥ ಕೂದಲು ತರಿಸಿಕೊಂಡ ಹುಡುಗಿಯರ ಕತೆ ಬೇರೆ ಇದೆ, ಅದಕ್ಕೆ ಒಂದು ಇಡೀ ಸಂಚಿಕೆ ಬೇಕು.

ಹಾಗಂತ ಸ್ಟೀರಾಯ್ಡ್ ಅಂದರೆ ವಿಷ ಅಂತ ನಾನು ಹೇಳುತ್ತಿಲ್ಲ. ಇಸುಬು ಮುಂತಾದ ಕಾಯಿಲೆಗಳಲ್ಲಿ ವೈದ್ಯರು ಲೆಕ್ಕ ಹಾಕಿ, ಇಷ್ಟು ದಿನ ಎಂದು ಹೇಳಿ ಕೊಟ್ಟರೆ ಅದು ಬಹಳ ಉಪಯೋಗದ ಮದ್ದು. ಬೂಷ್ಟಿನ ಮೇಲೆ, ಅಂಗಡಿಯವರ ಮಾತಿನ ಮೇಲೆ, ತಿಂಗಳುಗಟ್ಟಲೆ ಹಚ್ಚುವುದೇ ಅನಾಹುತ. ಸರ್ಕಾರಕ್ಕೂ ಇದು ಗೊತ್ತು. 2018ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಮೈಗೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ಎಚ್ ಪಟ್ಟಿಗೆ ಸೇರಿಸಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಅಂಗಡಿಯವರು ಅವನ್ನು ಮಾರುವಂತಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ 328 ಮಿಶ್ರಣ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಇಂಥ ಕಲಬೆರಕೆ ಚರ್ಮದ ಮುಲಾಮುಗಳೂ ಇದ್ದವು. ಕಾನೂನು ಇದೆ. ಆದರೂ ಚೀಟಿ ಕೇಳದೆ ಕೊಡುವ ಅಂಗಡಿಗಳೂ ಇವೆ, “ಬೇಗ ವಾಸಿಯಾಗೋದು ಕೊಡಿ” ಎಂದು ಕೇಳುವ ನಾವೂ ಇದ್ದೇವೆ.

ಆದ್ದರಿಂದ ಟ್ಯೂಬನ್ನು ಕೈಗೆ ತೆಗೆದುಕೊಂಡೊಡನೆ ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಅದರ ಕೆಳಗಿನ ಇರುವೆಯಂಥ ಚಿಕ್ಕ ಅಕ್ಷರಗಳನ್ನು ಓದಿ. ಓದಲು ಕಷ್ಟವಾದರೆ ಮಕ್ಕಳ ಕೈಲಿ ಓದಿಸಿ. ಕ್ಲೋಟ್ರಿಮಜೋಲ್, ಮೈಕೊನಜೋಲ್, ಕೀಟೊಕೊನಜೋಲ್, ಲುಲಿಕೊನಜೋಲ್, ಟರ್ಬಿನಾಫಿನ್, ಇವು ಬೂಷ್ಟಿನ ಮದ್ದುಗಳು. ಇವುಗಳಲ್ಲಿ ಯಾವುದಾದರೂ ಒಂದೇ ಒಂದು ಹೆಸರಿದ್ದು ಅದರ ಪಕ್ಕ ಶೇಕಡಾ 1 ಅಥವಾ 2 ಎಂದಿದ್ದರೆ ಸರಿ. ಜೊತೆಗೆ ಕ್ಲೋಬೆಟಾಸಾಲ್, ಬೀಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್, ಫ್ಲುಸಿನೊಲೋನ್ ಇತ್ಯಾದಿ ಇದ್ದರೆ ಅಲ್ಲೇ ಹಿಂತಿರುಗಿಸಿ. ಹೆಸರು ನೆನಪಿಡಲು ಸುಲಭದ ದಾರಿ ಹೇಳುತ್ತೇನೆ. “ಜೋಲ್” ಎಂದು ಮುಗಿದರೆ ಹೆಚ್ಚಾಗಿ ಬೂಷ್ಟಿನ ಮದ್ದು. “ಸೋನ್”, “ಲೋನ್”, “ಸಾಲ್” ಎಂದು ಮುಗಿದರೆ ಸ್ಟೀರಾಯ್ಡ್ ಇರಬಹುದು, ಎಚ್ಚರ. ಅಂಗಡಿಯಲ್ಲಿ ನಾಚಿಕೆ ಪಡದೆ, “ಸ್ಟೀರಾಯ್ಡ್ ಇಲ್ಲದ್ದು, ಬರೀ ಒಂದೇ ಮದ್ದು ಇರೋದು ಕೊಡಿ” ಎಂದು ಕೇಳಿ. ತರಕಾರಿಯವಳ ಹತ್ತಿರ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ಹುಳುಕು ನೋಡುವ ನಾವು, ಮೈಗೆ ಹಚ್ಚುವ ಮದ್ದನ್ನು ನೋಡದೆ ತರುವುದು ಎಲ್ಲಿಯ ನ್ಯಾಯ?

ಸರಿ, ಒಳ್ಳೆಯ ಟ್ಯೂಬೇ ತಂದಿರಿ ಎಂದಿಟ್ಟುಕೊಳ್ಳಿ. ಅರ್ಧದಷ್ಟು ಜನ ಸೋಲುವುದು ಹಚ್ಚುವ ರೀತಿಯಲ್ಲಿ ಎಂದು ನನ್ನ ಅನಿಸಿಕೆ.

ಸ್ನಾನ ಮಾಡಿದ ಮೇಲೆ ಆ ಜಾಗವನ್ನು ಒತ್ತಿ ಒತ್ತಿ ಒರೆಸಿಕೊಳ್ಳಿ, ಉಜ್ಜಬೇಡಿ. ಒದ್ದೆ ಮೈಗೆ ಮದ್ದು ಹಚ್ಚಿದರೆ ಒದ್ದೆ ಜಾಡಿಗೆ ಉಪ್ಪಿನಕಾಯಿ ತುಂಬಿದಂತೆ. ಐದು ಹತ್ತು ನಿಮಿಷ ಗಾಳಿಯಾಡಲು ಬಿಡಿ. ಆಮೇಲೆ ಮದ್ದನ್ನು ಕೆಂಪು ಅಂಚಿನಿಂದ ಆಚೆಗೆ ಒಂದು ಬೆರಳಿನಗಲ, ಅಂದರೆ ಸುಮಾರು 2 ಸೆಂಟಿಮೀಟರು, ಚೆನ್ನಾಗಿರುವ ಚರ್ಮದಿಂದ ಶುರುಮಾಡಿ ಒಳಗಡೆಗೆ ಹಚ್ಚುತ್ತಾ ಬನ್ನಿ. ರಂಗೋಲಿಗೆ ಮೊದಲು ಹೊರಗಿನ ಗೆರೆ ಎಳೆದಂತೆ. ಕಳ್ಳ ಅಂಚಿನಾಚೆ ಇದ್ದಾನೆ ಎಂದು ಆಗಲೇ ಹೇಳಿದೆನಲ್ಲ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವಾಗ ಒಮ್ಮೆ. ಕೆಲವು ಹೊಸ ಮದ್ದುಗಳಿಗೆ ದಿನಕ್ಕೊಂದು ಸಲ ಸಾಕು, ಅದನ್ನು ವೈದ್ಯರು ಹೇಳುತ್ತಾರೆ. ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಚಪಾತಿ ಹಿಟ್ಟಿಗೆ ಕೈ ಹಾಕಬೇಡಿ, ಮಗುವನ್ನೂ ಎತ್ತಿಕೊಳ್ಳಬೇಡಿ.

ಎಷ್ಟು ದಿನ? ಇಲ್ಲೇ ಎಲ್ಲರೂ ಎಡವುವುದು. ತುರಿಕೆ ನಿಲ್ಲುವವರೆಗೆ ಅಲ್ಲ. ಕಲೆ, ಅಂಚು, ಹೊಟ್ಟು ಎಲ್ಲ ಪೂರ್ತಿ ಹೋಗುವವರೆಗೆ, ಹೋದ ಮೇಲೂ ಇನ್ನೂ 2 ವಾರ. ಬೆರಳಿನಗಲ 2 ಸೆಂಟಿಮೀಟರು ಆಚೆ, ದಿನಕ್ಕೆ 2 ಸಲ, ವಾಸಿಯಾದ ಮೇಲೆ 2 ವಾರ. ನಮ್ಮ ದೇಶದ ಚರ್ಮವೈದ್ಯರು ಇದನ್ನು ಎರಡರ ಸೂತ್ರ ಎಂದೇ ಹೇಳಿಕೊಡುತ್ತಾರೆ. ಕನ್ನಡಿಯ ಪಕ್ಕದ ಕ್ಯಾಲೆಂಡರಿನಲ್ಲಿ ಕಲೆ ಮಾಯವಾದ ದಿನಕ್ಕೆ ಒಂದು ಗುರುತು ಹಾಕಿಕೊಳ್ಳಿ, ಹಾಲಿನ ಲೆಕ್ಕ ಬರೆದಂತೆ, ಅಲ್ಲಿಂದ ಹದಿನಾಲ್ಕು ದಿನ ಎಣಿಸಿ.

ಎಷ್ಟು ಹಚ್ಚಬೇಕು ಎಂಬುದಕ್ಕೂ ಒಂದು ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲನೇ ಗೆಣ್ಣಿನ ಗೆರೆಯವರೆಗೆ ಟ್ಯೂಬಿನಿಂದ ಒಂದು ಎಳೆ ಹಿಂಡಿದರೆ ಅದು ಸುಮಾರು ಅರ್ಧ ಗ್ರಾಂ. ಬೆರಳುಗಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ನಾಲ್ಕು ಅಂಗೈಯಷ್ಟು ಹರಡಿದೆ ಅನ್ನಿ. ಹೊತ್ತಿಗೆ 1 ಗ್ರಾಂ, ದಿನಕ್ಕೆ 2 ಗ್ರಾಂ. 15 ಗ್ರಾಮಿನ ಟ್ಯೂಬು ಒಂದು ವಾರಕ್ಕೇ ಮುಗಿಯುತ್ತದೆ. ಒಂದು ಟ್ಯೂಬನ್ನು ಗಂಧ ತೇಯ್ದಂತೆ ಸವರಿ ಸವರಿ ಎರಡು ತಿಂಗಳು ಬರಿಸಿದರೆ ಬೂಷ್ಟು ಸಾಯುವುದಿಲ್ಲ, ಮದ್ದಿಗೆ ಒಗ್ಗಿಕೊಳ್ಳುವುದಕ್ಕೆ ಅವಕಾಶ ಸಿಗುತ್ತದೆ ಅಷ್ಟೆ. ಮನೆಯ ಖರ್ಚಿನ ಚೀಟಿಯಲ್ಲಿ ಎಣ್ಣೆ, ಬೇಳೆಯ ಜೊತೆ ಇದನ್ನೂ ಮೊದಲೇ ಲೆಕ್ಕ ಹಾಕಿ. ಅಷ್ಟು ಟ್ಯೂಬು ಬೇಕಾಗುವಷ್ಟು ಹರಡಿದ್ದರೆ ಬರೀ ಮುಲಾಮಿನಿಂದ ಆಗುವ ಕೆಲಸವಲ್ಲ, ಹೊಟ್ಟೆಗೂ ಮಾತ್ರೆ ಬೇಕು ಎಂಬುದು ಆ ಲೆಕ್ಕದಲ್ಲೇ ತಿಳಿಯುತ್ತದೆ.

ಮದ್ದಿಗೆ ಒಗ್ಗಿಕೊಳ್ಳುವ ಮಾತು ಬಂತು. ಇದು ಹೆದರಿಸಲು ಹೇಳಿದ್ದಲ್ಲ. 2020ರಲ್ಲಿ ಜಪಾನಿನ ವೈದ್ಯರು ಅಲ್ಲಿದ್ದ ಒಬ್ಬ ಭಾರತೀಯ ಮತ್ತು ಒಬ್ಬ ನೇಪಾಳಿ ರೋಗಿಯ ಚರ್ಮದಿಂದ ತೆಗೆದ ಹುಳುಕಡ್ಡಿಯ ಬೂಷ್ಟನ್ನು ಪರೀಕ್ಷಿಸಿದಾಗ ಟರ್ಬಿನಾಫಿನ್ ಅದಕ್ಕೆ ನಾಟಲೇ ಇಲ್ಲ. ಹಾಗಾಗಿ ಅದಕ್ಕೆ ಹೊಸ ಹೆಸರಿಟ್ಟರು, ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು. “ಇಂಡೋ” ಎಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ದೇಶದ ಹೆಸರು ಹೊತ್ತ ಈ ಹುಳುಕಡ್ಡಿ ಈಗ ಹಲವು ದೇಶಗಳಲ್ಲಿ ಕಾಣಿಸಿಕೊಂಡಿದೆ. ಮೊದಲೆಲ್ಲ ಒಂದು ಟ್ಯೂಬಿಗೆ ಹೋಗುತ್ತಿದ್ದದ್ದು ಈಗ ತಿಂಗಳುಗಟ್ಟಲೆ ಕಾಡುವುದು ಏಕೆ ಎಂದು ಕೇಳುತ್ತೀರಲ್ಲ, ಅದಕ್ಕೆ ಇದೂ ಒಂದು ಕಾರಣ. ಹಂಚಿಕಡ್ಡಿಯಂತೆ ಮಾರಾಟವಾಗುವ ಸ್ಟೀರಾಯ್ಡ್ ಮಿಶ್ರಣಗಳೂ, ಅರ್ಧಕ್ಕೆ ನಿಲ್ಲಿಸುವ ನಮ್ಮ ಅಭ್ಯಾಸವೂ ಇದಕ್ಕೆ ನೀರೆರೆದಿವೆ ಎಂದು ಚರ್ಮವೈದ್ಯರು ಹೇಳುತ್ತಾರೆ.

ಈಗ ಮನೆಯ ವಿಚಾರ. ಅತ್ತೆಯವರು ಬಟ್ಟೆ ಬೇರೆ ಮಾಡಿದ್ದು ಪೂರ್ತಿ ತಪ್ಪೆಂದು ಹೇಳಲಾರೆ. ಆದರೆ ಸೊಸೆಯೊಬ್ಬಳನ್ನೇ ಬೇರೆ ಮಾಡಿದ್ದು ತಪ್ಪು. ಹತ್ತಿರುವುದು ಮೂವರಿಗೆ, ಯಾರಿಂದ ಯಾರಿಗೆ ಎಂದು ಹೇಳುವವರು ಯಾರು? ಒಬ್ಬರು ಮಾತ್ರ ಹಚ್ಚಿಕೊಂಡು ಉಳಿದವರು ಬಿಟ್ಟರೆ ಅದು ಒಬ್ಬರಿಂದ ಒಬ್ಬರಿಗೆ ಬಾಗಿನದಂತೆ ಸುತ್ತುತ್ತಲೇ ಇರುತ್ತದೆ. ಮನೆಯಲ್ಲಿ ಯಾರ್ಯಾರಿಗೆ ಇದೆಯೋ ಅವರೆಲ್ಲ ಒಂದೇ ದಿನ ಶುರುಮಾಡಬೇಕು, ಗಂಡಸರೂ ಸೇರಿ. “ನಂಗೇನಿಲ್ಲ, ಬರೀ ಬೆವರುಸಾಲೆ” ಎನ್ನುವ ಯಜಮಾನರನ್ನು ಬೆಳಕಿನಲ್ಲಿ ನಿಲ್ಲಿಸಿ ನೋಡಿ. ಗಂಡಸರು, ಮಕ್ಕಳು ಕಟ್ಟುವ ಉಡಿದಾರ ಸದಾ ಒದ್ದೆಯಾಗಿಯೇ ಇರುತ್ತದೆ, ಅದರ ಕೆಳಗೇ ಬೂಷ್ಟು ಮನೆ ಮಾಡುವುದುಂಟು. ವಾಸಿಯಾಗುವವರೆಗೆ ತೆಗೆದಿಡಿ, ಆಮೇಲೆ ಹೊಸದು ಕಟ್ಟಿದರಾಯಿತು. ದೇವರು ಕೋಪಿಸಿಕೊಳ್ಳುವುದಿಲ್ಲ.

ಟವೆಲು, ಒಳಬಟ್ಟೆ, ಹೊದಿಕೆ ಒಬ್ಬೊಬ್ಬರಿಗೆ ಒಂದೊಂದು. ಕೈ ಇಡಲಾರದಷ್ಟು ಬಿಸಿನೀರಿನಲ್ಲಿ ನೆನೆಸಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಒಳಬಟ್ಟೆಯನ್ನು ಸೀರೆಯ ಮರೆಯಲ್ಲಿ, ಬಚ್ಚಲುಮನೆಯ ಕತ್ತಲೆ ಮೂಲೆಯಲ್ಲಿ ಒಣಗಿಸುವ ಸಂಕೋಚ ಇದೆಯಲ್ಲ, ಹುಳುಕಡ್ಡಿಗೆ ಅದರಷ್ಟು ಪ್ರಿಯವಾದದ್ದು ಬೇರೊಂದಿಲ್ಲ. ಮಲೆನಾಡಿನ ಸೋದರಿಯರು “ಬಿಸಿಲೆಲ್ಲಿದೆ?” ಎಂದು ಕೇಳುತ್ತೀರಿ. ಬಚ್ಚಲೊಲೆಯ ಮೇಲೆ ಒಣಗಿಸಿ, ಕೊನೆಗೆ ಲಾಡಿಯ ಪಟ್ಟಿ, ಅಂಚು ಹೊಲಿಗೆಗಳ ಮೇಲೆ ಇಸ್ತ್ರಿ ಪೆಟ್ಟಿಗೆ ಎಳೆಯಿರಿ. ಒಳಲಂಗದ ಲಾಡಿಯನ್ನು ಮೈಗೆ ಗೆರೆ ಬೀಳುವಷ್ಟು ಬಿಗಿಯಬೇಡಿ. ದಿನಾ ಒಂದೇ ಜಾಗಕ್ಕೆ ಗಂಟು ಬಾರದಂತೆ ಸ್ವಲ್ಪ ಮೇಲೆ ಕೆಳಗೆ ಮಾಡಿ, ಅಥವಾ ಅಗಲ ಪಟ್ಟಿಯ ಲಂಗ ಹೊಲಿಸಿಕೊಳ್ಳಿ. ಕೊಟ್ಟಿಗೆಯಲ್ಲಿ ಕರುವಿನ ಮುಖದ ಮೇಲೆ, ಇಲ್ಲವೆ ಮಕ್ಕಳು ಅಪ್ಪಿಕೊಂಡು ಮಲಗುವ ಬೆಕ್ಕಿನ ಮರಿಯ ಮೇಲೆ ಕೂದಲು ಉದುರಿ ಗುಂಡಗೆ ಬೋಳಾಗಿದ್ದರೆ ಪಶುವೈದ್ಯರಿಗೂ ಒಮ್ಮೆ ತೋರಿಸಿ.

ಮನೆಮದ್ದಿನ ಬಗ್ಗೆ ಕೇಳಿದವರು ಬಹಳ ಜನ. ಸೀಮೆ ಅಗಸೆಯ ಸೊಪ್ಪನ್ನು ಹಿಂದಿನವರು ಇದಕ್ಕೇ ಅರೆದು ಹಚ್ಚುತ್ತಿದ್ದರು, ಅದರಲ್ಲಿ ಸ್ವಲ್ಪ ಸತ್ವ ಇರುವುದೂ ನಿಜ. ಆದರೆ ಸೊಪ್ಪಿನಲ್ಲಿ ಇವತ್ತು ಎಷ್ಟಿದೆ, ನಾಳೆ ಎಷ್ಟಿದೆ ಎಂದು ಅಳೆಯುವುದು ಹೇಗೆ? ಅರಿಶಿನದಿಂದ ಕೆಡುಕಿಲ್ಲ, ಹುಳುಕಡ್ಡಿ ಹೋಗುತ್ತದೆಂಬ ಭರವಸೆಯೂ ಇಲ್ಲ. ಬೆಳ್ಳುಳ್ಳಿ ಅರೆದು ಕಟ್ಟುವುದು, ಸುಣ್ಣ, ಸೀಮೆಎಣ್ಣೆ ಇವನ್ನು ಮಾತ್ರ ಖಂಡಿತ ಬೇಡ. ಚರ್ಮ ಸುಟ್ಟು ಬೊಬ್ಬೆ ಬರುತ್ತದೆ. ಹಳೆಯ ಕಾಲದ ಇಂಗ್ಲಿಷ್ ಮದ್ದೊಂದಿದೆ, ವಿಟ್‌ಫೀಲ್ಡ್ ಮುಲಾಮು. 1907ರಲ್ಲಿ ಆರ್ಥರ್ ವಿಟ್‌ಫೀಲ್ಡ್ ಎಂಬ ವೈದ್ಯರು ಹೇಳಿದ್ದು, ಶೇಕಡಾ 6 ಬೆಂಜೋಯಿಕ್ ಆಮ್ಲ, ಶೇಕಡಾ 3 ಸ್ಯಾಲಿಸಿಲಿಕ್ ಆಮ್ಲ. ಅಂಗಾಲು, ಅಂಗೈಯಂಥ ದಪ್ಪ ಚರ್ಮಕ್ಕೆ ಅದು ಇಂದಿಗೂ ಅಗ್ಗದ ಮದ್ದು. ತೊಡೆಸಂದಿಗೆ, ಮುಖಕ್ಕೆ ಹಚ್ಚಿದರೆ ಮಾತ್ರ ಉರಿದುಹೋದೀತು.

ಟ್ಯೂಬು ಕೆಲಸ ಮಾಡದ ಕಡೆಗಳೂ ಇವೆ. ಮಗುವಿನ ತಲೆಯಲ್ಲಿ ಕೂದಲು ಮುರಿದು ಹೊಟ್ಟೆದ್ದ ಬೋಳು ಕಂಡರೆ ಎಷ್ಟು ಮುಲಾಮು ಹಚ್ಚಿದರೂ ವ್ಯರ್ಥ, ಕೂದಲಿನ ಬುಡಕ್ಕೆ ಅದು ಇಳಿಯುವುದಿಲ್ಲ. ವೈದ್ಯರು ಕೊಡುವ ಮಾತ್ರೆಯೇ ಬೇಕು. ಉಗುರು ದಪ್ಪಗಾಗಿ ಹಳದಿಯಾದಾಗಲೂ ಹೆಚ್ಚಾಗಿ ಹಾಗೆಯೇ. ಎದೆ, ಬೆನ್ನಿನ ಮೇಲೆ ಬಿಳಿಚಿಕೊಂಡು ಚುಕ್ಕೆ ಚುಕ್ಕೆಯಾಗಿ ಬರುವ ಸಿಬ್ಬ ಬೇರೆ ಜಾತಿಯ ಬೂಷ್ಟು. ಅದು ಮದ್ದಿಗೆ ಬೇಗ ಸಾಯುತ್ತದೆ, ಆದರೆ ಚರ್ಮಕ್ಕೆ ಬಣ್ಣ ಮರಳಲು ತಿಂಗಳುಗಳೇ ಬೇಕು. ಬಣ್ಣ ಬರಲಿಲ್ಲ ಎಂದು ಹಚ್ಚುತ್ತಲೇ ಇರಬೇಡಿ, ತೊನ್ನು ಎಂದು ಹೆಣ್ಣುಮಗಳ ಸಂಬಂಧ ಮುರಿಯಲೂ ಬೇಡಿ. ಬಿಳಿಚಿದ ಅಥವಾ ಕೆಂಪಾದ ಮಚ್ಚೆಯಲ್ಲಿ ತುರಿಕೆ ಇಲ್ಲದೆ, ಮುಟ್ಟಿದರೆ, ಬಿಸಿ ತಗುಲಿದರೆ ತಿಳಿಯದಂತಿದ್ದರೆ ಒಂದು ದಿನವೂ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅದು ಕುಷ್ಠ ಇರಬಹುದು. ಅದಕ್ಕೆ ಪೂರ್ತಿ ಗುಣವಾಗುವ ಮದ್ದನ್ನು ಅಲ್ಲಿ ಪುಕ್ಕಟೆ ಕೊಡುತ್ತಾರೆ.

ದಿನವೆಲ್ಲ ನೀರಿನಲ್ಲಿ ಕೈಯಾಡಿಸುವವರ ಉಗುರುಸಂದಿ ಊದಿಕೊಳ್ಳುವುದು, ಸ್ಥೂಲದೇಹದವರಿಗೆ ಎದೆಯ ಕೆಳಗೆ ಹಸಿಹಸಿಯಾಗಿ ಕೆಂಪಾಗುವುದು, ಎಳೆಕೂಸಿನ ನಾಲಿಗೆಯ ಮೇಲೆ ಒರೆಸಿದರೂ ಹೋಗದ ಮೊಸರಿನಂಥ ಬಿಳಿ ಪದರ, ಇವು ಹೆಚ್ಚಾಗಿ ಕ್ಯಾಂಡಿಡಾ ಎಂಬ ಇನ್ನೊಂದು ಬೂಷ್ಟಿನ ಕೆಲಸ. ಮತ್ತೆ ಮತ್ತೆ ಬರುತ್ತಿದ್ದರೆ ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಇದಕ್ಕೆ ಕೊಡುವ ನಿಸ್ಟಾಟಿನ್ ಎಂಬ ಮದ್ದನ್ನು ಕಂಡುಹಿಡಿದವರು ಇಬ್ಬರು ಹೆಂಗಸರು ಎಂಬುದು ನಿಮಗೆ ಸಂತೋಷದ ವಿಷಯವಲ್ಲವೇ? ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಬೇರೆ ಬೇರೆ ಕಡೆಯ ಮಣ್ಣಿನಿಂದ ಬೆಳೆಸಿದ ಮಾದರಿಗಳನ್ನು ನಾವು ಉಪ್ಪಿನಕಾಯಿ ಹಾಕುವಂಥ ಗಾಜಿನ ಜಾಡಿಗಳಲ್ಲಿಟ್ಟು ಅಂಚೆಯಲ್ಲೇ ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಕೊನೆಗೆ ಫಲ ಕೊಟ್ಟದ್ದು ಹೇಜನ್ ಅವರ ಸ್ನೇಹಿತರ ಹೊಲದ ಮಣ್ಣು. 1950ರಲ್ಲಿ ಮದ್ದನ್ನು ಲೋಕಕ್ಕೆ ತಿಳಿಸಿ, ತಮ್ಮ ಹೆಸರಿಡದೆ ರಾಜ್ಯದ ಹೆಸರಿಟ್ಟರು. ಅದರಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಹೆಚ್ಚಿನ ಹಣವನ್ನು ವಿಜ್ಞಾನದ ಕೆಲಸಕ್ಕೇ ಬಿಟ್ಟುಕೊಟ್ಟರು. ಒಂದು ಮಾತು, ನಿಸ್ಟಾಟಿನ್ ಹುಳುಕಡ್ಡಿಗೆ ನಾಟುವುದಿಲ್ಲ. ಆ ಬೂಷ್ಟಿಗೆ ಆ ಮದ್ದು, ಈ ಬೂಷ್ಟಿಗೆ ಈ ಮದ್ದು.

ಇನ್ನು ಪತ್ರ ಬರೆದ ತಂಗಿಗೆ. ಒಂಬತ್ತನೇ ಟ್ಯೂಬನ್ನು ಹಚ್ಚುವುದು ನಿಲ್ಲಿಸಮ್ಮ, ಆದರೆ ಬಿಸಾಡಬೇಡ. ಈ ವಾರದಲ್ಲೇ ನೀನು, ನಿಮ್ಮನೆಯವರು, ಮಗುವಿನ ತಾಯಿ ಮಗುವನ್ನು ಕರೆದುಕೊಂಡು, ಮೂವರೂ ಒಟ್ಟಿಗೆ ಜಿಲ್ಲಾ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಹೋಗಿ. ಟ್ಯೂಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ ತೋರಿಸು, ಎಷ್ಟು ತಿಂಗಳು ಹಚ್ಚಿದೆ ಎಂದು ಮುಚ್ಚಿಡದೆ ಹೇಳು. ಅವರು ಚರ್ಮದ ಹೊಟ್ಟನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ನೋವಿಲ್ಲ, ಸೂಜಿ ಇಲ್ಲ, ಹೆಚ್ಚು ಹೊತ್ತೂ ಬೇಡ. ನಿನ್ನದು ಇಷ್ಟು ಹರಡಿರುವುದರಿಂದ ಮಾತ್ರೆಯನ್ನೂ ಕೊಡುವ ಸಂಭವ ಉಂಟು. ಮುಟ್ಟು ನಿಂತಿದ್ದರೆ ಅಥವಾ ಬಸಿರಿನ ಅನುಮಾನವಿದ್ದರೆ ಅದನ್ನು ಮೊದಲೇ ಹೇಳು, ಕೆಲವು ಮಾತ್ರೆಗಳನ್ನು ಆಗ ಕೊಡುವುದಿಲ್ಲ. ಬರೀ ಕ್ಲೋಟ್ರಿಮಜೋಲ್ ಹಚ್ಚುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ.

ಒಂದು ವಿಷಯಕ್ಕೆ ಮಾತ್ರ ಮನಸ್ಸನ್ನು ಗಟ್ಟಿ ಮಾಡಿಕೋ. ಸ್ಟೀರಾಯ್ಡ್ ನಿಲ್ಲಿಸಿದ ಮೊದಲ ಕೆಲವು ದಿನ ತುರಿಕೆ, ಕೆಂಪು, ಉರಿ ಎಲ್ಲ ಹಿಂದಿಗಿಂತ ಜಾಸ್ತಿಯಾಗುವುದುಂಟು. ಬಾಯಿಗೆ ತುರುಕಿದ ಬಟ್ಟೆ ತೆಗೆದೊಡನೆ ನಾಯಿ ಜೋರಾಗಿಯೇ ಬೊಗಳುತ್ತದೆ. “ಆಸ್ಪತ್ರೆ ಮದ್ದು ಸರಿಯಿಲ್ಲ, ಹಳೇ ಟ್ಯೂಬೇ ವಾಸಿ” ಎಂದು ಎಷ್ಟೋ ಜನ ಹಿಂದಕ್ಕೆ ಹೋಗುವುದು ಈ ಘಟ್ಟದಲ್ಲೇ. ನೀನು ಹೋಗಬೇಡ. ತಡೆಯಲಾರದಷ್ಟು ತುರಿಸಿದರೆ ವೈದ್ಯರನ್ನು ಕೇಳು, ತುರಿಕೆಗೆ ಬೇರೆ ಮಾತ್ರೆ ಕೊಡುತ್ತಾರೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯನ್ನು ಐದು ನಿಮಿಷ ಒತ್ತಿಡು, ಆಮೇಲೆ ಚೆನ್ನಾಗಿ ಒಣಗಿಸಿಕೊ.

ಆಮೇಲೆ ಈ ಪುಟವನ್ನು ಅತ್ತೆಯವರ ಕೈಗೆ ಕೊಡು, ಅಥವಾ ಅಡುಗೆಮನೆಯಲ್ಲಿ ಅವರ ಕಣ್ಣಿಗೆ ಬೀಳುವ ಕಡೆ ಮಡಿಸಿಡು. ಅತ್ತೆಯವರೇ, ನೀವು ಓದುತ್ತಿದ್ದರೆ ನಿಮಗೂ ಒಂದು ಮಾತು: ನಿಮ್ಮ ಸೊಸೆಯ ಚಾಪೆಯನ್ನು ಒಳಗೆ ತನ್ನಿ, ಬದಲಿಗೆ ಇಡೀ ಮನೆಯ ಟವೆಲುಗಳನ್ನು ಹೊರಗೆ ಬಿಸಿಲಿಗೆ ಹಾಕಿ.

ಹಳೆಯ, ಅರ್ಧ ಉಳಿದ ಟ್ಯೂಬನ್ನು ಮುಂದಿನ ವರ್ಷ ಹಚ್ಚಬಹುದೇ ಎಂದು ಕೇಳಿದ ಸೋದರಿಗೆ: ಟ್ಯೂಬಿನ ಬಾಲದ ಮಡಿಕೆಯ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ, ಬೆಳಕಿಗೆ ಹಿಡಿದು ನೋಡಿ, ಅದು ದಾಟಿದ್ದರೆ ಕಸಕ್ಕೆ ಹಾಕಿ. ಹಿಮ್ಮಡಿ ಒಡಕಿನ ಬಗ್ಗೆ ಕೇಳಿದವರಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಬರೆಯುತ್ತೇನೆ.